ಸೊನ್ನೆಯ ದಿನ

ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 8
ಇಲಿಕೋಣೆ. ನೀರು, ಆಹಾರ ಆಯಿತು. ಶನಿವಾರ ಸಂಜೆ ಗಂಡಿನ ಜೊತೆ ಬಿಟ್ಟಿದ್ದ ನಾಲ್ಕು ಹೆಣ್ಣಿಲಿಗಳನ್ನು ನೋಡಿದೆ. ನಾಲ್ಕರಲ್ಲೂ ಕೂಡಿದ ಗುರುತು ಇದೆ. ಈ ಗುರುತು ಕೆಲವೇ ಗಂಟೆ ನಿಲ್ಲುತ್ತದೆ. ಕಂಡ ದಿನವೇ ಬಸಿರಿನ ಸೊನ್ನೆಯ ದಿನ. ಅಂದರೆ ಇವತ್ತು. ಆದರೆ ಇಲಿಕೋಣೆಯ ಪುಸ್ತಕದಲ್ಲಿ ನಿನ್ನೆಯ ಸಾಲು ಖಾಲಿ — ಭಾನುವಾರ, ಹಾಸಿಗೆ ಬಿಡಲು ಮನಸ್ಸಾಗದೆ ಬಂದಿರಲಿಲ್ಲ. ಗುರುತನ್ನು ನಿನ್ನೆಯ ಸಾಲಿಗೇ ಬರೆದು ಸಹಿ ಹಾಕಿದೆ. ಒಂದು ದಿನ ತಾನೇ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಲ್ಯಾಬಿನವರೆಲ್ಲ ಇಲಿಯಪ್ಪ ಎಂದು ಕರೆಯುವ ನನ್ನ ಪುಸ್ತಕವನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ.

ಫೆಬ್ರವರಿ 22
ನಮ್ಮ ಲ್ಯಾಬಿನ ಪಿಎಚ್‌ಡಿ ಹುಡುಗಿ ಆ ನಾಲ್ಕರ ಭ್ರೂಣ ತೆಗೆದಳು. ಬಸುರಿಯರು ವಾಂತಿಗೆ ನುಂಗುವ ಒಂದು ಮಾತ್ರೆಯನ್ನು ಇವಕ್ಕೆ ತಿನ್ನಿಸಿದ್ದೆವು. ಪುಸ್ತಕದ ಲೆಕ್ಕದಲ್ಲಿ ಇವತ್ತು ಹದಿಮೂರನೆಯ ದಿನ, ಮುಂಗಾಲಲ್ಲಿ ಬೆರಳು ಮೂಡಿರಬೇಕು. ಇವಕ್ಕೆ ಇನ್ನೂ ದೋಣಿಯ ಹುಟ್ಟಿನಂತೆ ಚಪ್ಪಟೆ. ‘ಬೆಳವಣಿಗೆ ಕುಂಠಿತ’ ಎಂದು ಬರೆದುಕೊಂಡಳು. ಕುಂಠಿತವಲ್ಲ, ಹನ್ನೆರಡೇ ದಿನದವು. ಹೇಳಬೇಕಿತ್ತು... ಟ್ರೇ ತೊಳೆದೆ.

ಮಾರ್ಚ್ 6, ಸಂಜೆ
ಹುಡುಗಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಒಂದು ಜಾತಿಯ ನರಕೋಶ ಹುಟ್ಟುವುದು ಭ್ರೂಣದ ಮೂಗಿನಲ್ಲಿ. ಅಲ್ಲಿಂದ ತೆವಳಿ ಮಿದುಳು ಸೇರಬೇಕು. ಮುಂದೆ ಪ್ರಾಯದ ಹಾರ್ಮೋನುಗಳಿಗೆ ಅಪ್ಪಣೆ ಕೊಡುವುದು ಇವೇ. ದಾರಿಯಲ್ಲೇ ಉಳಿದರೆ ಮಗು ಪ್ರಾಯಕ್ಕೆ ಬರುವುದೇ ಕಷ್ಟವಂತೆ. ಮಾತ್ರೆ ತಿನ್ನದ ಇಲಿಗಳ ಹದಿಮೂರು ದಿನದ ಭ್ರೂಣದಲ್ಲಿ ಈ ಕೋಶಗಳು, ಬಣ್ಣ ಹಾಕಿದ ಹಸಿರು ಚುಕ್ಕೆಗಳು, ಮಿದುಳಿಗೆ ಕಾಲಿಟ್ಟಿದ್ದವು. ನಮ್ಮ ನಾಲ್ಕರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೂಗಿನಲ್ಲೇ. ಒಂದು ದಿನ ಚಿಕ್ಕವು, ಹೇಗೆ ತಲುಪಿಯಾವು.
"ನೋಡಿ ಅಣ್ಣಾ, ಇವು ಬಸ್ಸೇ ಹತ್ತಿಲ್ಲ. ಮಾತ್ರೆನೇ ತಡೆದಿರೋದು."
ಮೂರು ವರ್ಷದಲ್ಲಿ ಅವಳಿಗೆ ಸಿಕ್ಕ ಮೊದಲ ಫಲಿತಾಂಶ. ಟೀ ಕೊಡಿಸಿದಳು. ಕುಡಿದೆ. ಸಾಲದ್ದಕ್ಕೆ ಬಿಸ್ಕತ್ತೂ ತಿಂದೆ.

ಮಾರ್ಚ್ 22, ಬೆಳಿಗ್ಗೆ 7
ಪೇಪರಿನ ಐದನೆಯ ಪುಟ, ಎರಡು ಕಾಲಂ. ಗುರುವಾರ ಹುಡುಗಿ ವಿಚಾರಗೋಷ್ಠಿಯಲ್ಲಿ ಹೇಳಿದ್ದು. ‘ವಾಂತಿ ಮಾತ್ರೆ: ಶಿಶುವಿನ ಮಿದುಳಿಗೆ ಅಪಾಯ?’ ಕೊನೆಯ ಪ್ರಶ್ನೆ ಚಿಹ್ನೆಯನ್ನು ಯಾರೂ ಓದುವುದಿಲ್ಲ.

ಅದೇ ದಿನ, 9.30
ಮಗಳ ಫೋನ್. ಅವಳಿಗೀಗ ಐದು ತಿಂಗಳು.
"ಅಪ್ಪಾ, ಇದು ನಿಮ್ಮ ಲ್ಯಾಬೇ ಅಲ್ವಾ? ಎರಡನೇ ತಿಂಗಳಲ್ಲಿ ನಾನು ದಿನಾ ನುಂಗಿದ್ದೆ."
ಇಲಿ ಬೇರೆ, ಮನುಷ್ಯರು ಬೇರೆ ಎಂದೆ.
"ಮತ್ತೆ ಇಲಿ ಮೇಲೆ ಯಾಕೆ ನೋಡ್ತೀರಿ?"
ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಫೋನ್ ಇಟ್ಟೆ.

ಮಾರ್ಚ್ 23, ಭಾನುವಾರ
ಅಳಿಯ ಫೋನ್ ಮಾಡಿದ್ದರು. ನಿನ್ನೆಯಿಂದ ಅವಳು ಏನೂ ತಿಂದಿಲ್ಲ. ಮಗುವನ್ನು ಕೈಯಾರೆ ಕೆಡಿಸಿಕೊಂಡೆ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಳಂತೆ.
ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ನಮ್ಮ ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನು ನಾನು.

ಮಾರ್ಚ್ 24, ಸೋಮವಾರ, ಬೆಳಿಗ್ಗೆ 7.40
ಹುಡುಗಿಯ ಮೇಜಿನೆದುರು ಕೂತಿದ್ದೇನೆ. ಇಲಿಕೋಣೆಯ ಪುಸ್ತಕ ಪಕ್ಕದಲ್ಲಿ, ಫೆಬ್ರವರಿಯ ಪುಟ ತೆರೆದಿದೆ. ಅವಳ ಮೂರು ವರ್ಷ ನೀರಿನಲ್ಲಿ ಹೋಮ. ನನ್ನ ಕೆಲಸವೂ ಹೋಗಬಹುದು. ನಾಲಿಗೆ ತೊಡರದಿರಲಿ ಎಂದು ಮೊದಲ ಮಾತನ್ನು ಇಲ್ಲೇ ಬರೆದುಕೊಳ್ಳುತ್ತೇನೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು — ಅವಳೇ.
ತಾಯೀ, ಆ ಭಾನುವಾರ ನಾನು