ಅಮ್ಮ ಎದ್ದು ಹೋಗುತ್ತಿದ್ದ ಬಗೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ದಿನವಿಡೀ ಲಾರಿಯಲ್ಲಿ ಕೂರುವವನು ನಡುನಡುವೆ ಇಳಿದು ನಾಲ್ಕು ಹೆಜ್ಜೆ ಓಡಾಡು ಎಂದರೆ ಕೇಳುವವನಲ್ಲ ನೀನು, ಆದರೂ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಊಟ, ನಿದ್ದೆ ಹೇಗೋ ನಡೆಯುತ್ತಿದೆ. ಅಮ್ಮ ತೀರಿಹೋಗಿ ಮೊನ್ನೆಗೆ ನಾಲ್ಕು ತಿಂಗಳಾಯಿತು. ಮೂರನೇ ದಿನ ನೀನು ಬಂದು, ಗೇಟಿನ ಹತ್ತಿರವೇ ನಿಂತು, ನನ್ನನ್ನು ಒಂದು ಮಾತೂ ಕೇಳದೆ ತಿರುಗಿ ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಫೋನಿನಲ್ಲಿ ಹೇಳಲಾಗದ ಒಂದು ಸಂಗತಿಯಿದೆ, ಅದಕ್ಕೇ ಈ ಕಾಗದ.

ನಮ್ಮ ಸ್ಟುಡಿಯೋದ ಆನಿಮೇಷನ್ ಚಿತ್ರಕ್ಕೆ ಹೊಸ ನಿರ್ದೇಶಕಿ ಬಂದಿದ್ದಾರೆ. ಮೊದಲು ಮೂಕಾಭಿನಯ ಕಲಿಸುತ್ತಿದ್ದವರಂತೆ. ಬಂದ ದಿನವೇ, ನಾವು ಆರು ತಿಂಗಳಿಂದ ತಿದ್ದಿ ತೀಡಿದ್ದ ಪಾತ್ರಗಳ ಮುಖಗಳನ್ನೆಲ್ಲ ಅಳಿಸಿಬಿಡಿ ಎಂದರು. ಕಣ್ಣಿಲ್ಲ, ಹುಬ್ಬಿಲ್ಲ, ಬಾಯಿಲ್ಲ. ಹೆಗಲ ಮೇಲೆ ಮೊಟ್ಟೆಯಂಥ ಬೋಳು ತಲೆ. "ಮುಖ ಇದ್ರೆ ನೀವು ಮೈ ನೋಡೋದೇ ಇಲ್ಲ" ಎಂದರು. ಎರಡು ವಾರ ಕಂಪ್ಯೂಟರ್ ಮುಟ್ಟುವಂತಿಲ್ಲ. ಮನೆಯವರೊಬ್ಬರ ಒಂದೇ ಒಂದು ಚಲನೆ ಆರಿಸಿಕೊಂಡು, ಅದು ಮೈಗೆ ಹತ್ತುವ ತನಕ ನಾವೇ ಮಾಡಿ ನೋಡಬೇಕು. ಆಮೇಲಷ್ಟೇ ಕಂಪ್ಯೂಟರಿನ ಗೊಂಬೆಗೆ ಕಲಿಸಬೇಕು. ಮೇಜುಗಳನ್ನು ಗೋಡೆಗೆ ತಳ್ಳಿ, ನಲವತ್ತು ದಾಟಿದ ಗಂಡಸರು ತಮ್ಮ ಕೂಸುಗಳ ಹಾಗೆ ಅಂಬೆಗಾಲಿಡುವುದನ್ನು ನೀನು ನೋಡಬೇಕಿತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನಾನು ಆರಿಸಿಕೊಂಡದ್ದು, ನಿನ್ನ ಹೆಸರು ಕೇಳಿದಾಗ ಅಮ್ಮ ಹೊಲಿಗೆ ಯಂತ್ರ ಬಿಟ್ಟು ಎದ್ದು ಹೋಗುತ್ತಿದ್ದುದನ್ನು. ನೀನು ಓದು ಬಿಟ್ಟು ಲಾರಿ ಹತ್ತಿದ ದಿನ ಅವಳು "ಇನ್ನು ಈ ಮನೆ ಬಾಗ್ಲಿಗೆ ಬರ್ಬೇಡ" ಅಂದಿದ್ದಳಲ್ಲ, ಆಮೇಲೆ ನಾಲ್ಕು ವರ್ಷವೂ ಅಷ್ಟೇ. ನಾನು ನಿನ್ನ ಸುದ್ದಿ ಎತ್ತಿದರೆ ಸಾಕು, ಎದ್ದು ಒಳಕೋಣೆಗೆ ಹೋಗಿಬಿಡುತ್ತಿದ್ದಳು. ನೀನು ದಾರಿಬದಿಯಿಂದ ಫೋನ್ ಮಾಡಿ "ಅಮ್ಮ ಏನಂತಾಳೆ? ಬರ್ಲಾ?" ಎಂದು ಕೇಳಿದಾಗಲೆಲ್ಲ ನಾನು ಅದನ್ನೇ ಒಪ್ಪಿಸುತ್ತಿದ್ದೆ: "ನಿನ್ನ ಹೆಸ್ರೆತ್ತಿದ್ರೆ ಎದ್ದು ಹೋಗ್ತಾಳೆ. ಈಗ್ಲೇ ಬೇಡ."

ಸ್ಟುಡಿಯೋದಲ್ಲಿ, ಒಬ್ಬರ ಹೆಸರು ಕೇಳಿದೊಡನೆ ಅಮ್ಮ ಹೀಗೆ ಏಳುತ್ತಿದ್ದಳು ಎಂದು ಹೇಳಿ, ನಾನು ಕುರ್ಚಿ ತಳ್ಳಿ ಧುಮುಗುಟ್ಟುತ್ತ ಎದ್ದು ತೋರಿಸಿದೆ. ನಿರ್ದೇಶಕಿ ಅಡ್ಡಡ್ಡ ತಲೆಯಾಡಿಸಿದರು. "ಇವ್ರು ಕೋಪ ಮಾಡ್ಕೊಂಡಿರೋ ಯಾರೋ ಒಬ್ರು. ನಿಮ್ಮಮ್ಮ ಎಲ್ಲಿ? ಮೊದ್ಲು ಅಲ್ಲಾಡಿದ್ದು ಏನು, ಕೈಯಾ, ಕತ್ತಾ?" ಅಂದು ಸಂಜೆ ಮನೆಗೆ ಬಂದು ಅಮ್ಮನ ಸ್ಟೂಲಿನ ಮೇಲೆ ಕೂತೆ. ಪೆಡಲಿನ ಮೇಲೆ ಕಾಲಿಟ್ಟು ಇಪ್ಪತ್ತು ಸಲ, ಮೂವತ್ತು ಸಲ ಎದ್ದೆ. ಆಗ ಒಂದೊಂದೇ ನೆನಪಾಯಿತು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಅಮ್ಮ ಸೂಜಿ ಮೇಲೆತ್ತದೆ ಏಳುತ್ತಿರಲಿಲ್ಲ. ನಿನ್ನ ಹೆಸರು ಕೇಳಿದಾಗ ಮಾತ್ರ ಸೂಜಿ ಬಟ್ಟೆಯಲ್ಲೇ ಉಳಿಯುತ್ತಿತ್ತು. ಮೊದಲು ಕತ್ತು ಗೋಡೆಯ ಕಡೆ ತಿರುಗುತ್ತಿತ್ತು, ನನಗೆ ಕಾಣದ ಹಾಗೆ. ಆಮೇಲೆ ಭುಜ ಮುದುಡುತ್ತಿತ್ತು. ಉಸಿರು ಬಿಗಿಹಿಡಿದು ಎದ್ದು, ಎಡಗೈಯಲ್ಲಿ ಬಾಗಿಲ ಚೌಕಟ್ಟು ತಡಕುತ್ತ ಹೋಗುತ್ತಿದ್ದಳು. ಕೋಪ ಬಂದವರು ಬಾಗಿಲು ತಡಕುತ್ತಾರೇನೋ, ಅಣ್ಣ? ಕಣ್ಣು ತುಂಬಿ ದಾರಿ ಕಾಣದವರು ತಡಕುತ್ತಾರೆ. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳುತ್ತಿತ್ತು. ಕೈ ತೊಳೆಯುತ್ತಿದ್ದಾಳೆ ಅಂದುಕೊಳ್ಳುತ್ತಿದ್ದೆ. ಅವಳ ಹಾಗೇ ಚೌಕಟ್ಟು ಹಿಡಿದು ಒಳಗೆ ಹೋಗಿ ನಾನೂ ನಲ್ಲಿ ಬಿಟ್ಟೆ.

ಶುಕ್ರವಾರ ಆ ಹನ್ನೊಂದು ಸೆಕೆಂಡಿನ ದೃಶ್ಯ ತೋರಿಸಿದೆ. ಮುಖವಿಲ್ಲದ ಹೆಂಗಸು ಎದ್ದು ಹೋದಳು. "ಯಾರ ಹೆಸ್ರು ಕೇಳಿ ಹೀಗೆ ಎದ್ರು?" ಎಂದು ನಿರ್ದೇಶಕಿ ಮೆಲ್ಲಗೆ ಕೇಳಿದರು. "ನಮ್ಮಣ್ಣಂದು" ಎಂದೆ. ಎಲ್ಲರೂ ಬೆನ್ನು ತಟ್ಟಿದರು. ಕೆಲಸ ಕಲಿತೆ, ಸರಿ. ಆದರೆ ನಾಲ್ಕು ವರ್ಷದಲ್ಲಿ ಒಂದು ಸಲವಾದರೂ ಡ್ರಾಯಿಂಗ್ ಪುಸ್ತಕ ಪಕ್ಕಕ್ಕಿಟ್ಟು ಅವಳ ಹಿಂದೆ ಹತ್ತು ಹೆಜ್ಜೆ ಹೋಗಿದ್ದರೆ ಸಾಕಿತ್ತಲ್ಲ. ಮನೆ ತುಂಬ ಜನರ ಚಿತ್ರ ಬರೆದವಳಿಗೆ ಮನೆಯಲ್ಲಿದ್ದ ಒಬ್ಬಳು ಕಾಣಲಿಲ್ಲ.

ಹುಷಾರಾಗಿ ಗಾಡಿ ಓಡಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು.

ಇಂತು ನಿನ್ನ ತಂಗಿ,
ಗೋಡೆಯೆಲ್ಲ ಗೀಚುತ್ತಾಳೆಂದು ನೀನೇ ಹೆಸರಿಟ್ಟ
ಗೀಚಮ್ಮ

ಮರೆತ ಮಾತು: ಇಲ್ಲ, ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆಗೆ ಹಾಕಿದ್ದ ಕಾಗದ ಮತ್ತೆ ತೆಗೆದಿದ್ದೇನೆ. ಹೋಗುವ ಹಿಂದಿನ ವಾರ ಅಮ್ಮ ತಾನಾಗಿಯೇ ಫೋನು ತಂದು ನನ್ನ ಕೈಗಿಟ್ಟು, "ಅವ್ನ ನಂಬರ್ ಹಾಕ್ಕೊಡೇ" ಅಂದಳು. ನನಗೆ ಆಫೀಸಿಗೆ ಹೊರಡುವ ಅವಸರ. "ನಾಳೆ ಹಾಕ್ಕೊಡ್ತೀನಮ್ಮ" ಅಂದೆ. ಮರುದಿನ ಅವಳು ಕೇಳಲಿಲ್ಲ, ನನಗೂ ನೆನಪಾಗಲಿಲ್ಲ. ಅವಳು ನಿನ್ನನ್ನು ಕರೆಯಲು ಹೊರಟಿದ್ದಳು, ಅಣ್ಣ. ಬೈಯುವುದಾದರೆ ಒಳಗೆ ಬಂದು, ಕೂತು ಬೈ.