ಕುಂಬಳಕಾಯಿ ವೇಷ

ಅಮ್ಮಾ,

ನೀನು ನೋಡದ ಮೊಮ್ಮಗಳು ಬ್ರಿಟಾಗೆ ಈಗ ಆರು ವರ್ಷ. ಈ ಹ್ಯಾಲೋವೀನ್‌ಗೆ ಜೇನುಹುಳವೇ ಆಗಬೇಕೆಂದು ಹಟ ಹಿಡಿದಳು. ಮೂರು ವಾರ ಬೆರಳೆಲ್ಲ ಚುಚ್ಚಿಕೊಂಡು, ಅಳತೆಗೆ ಸರಿಯಾಗಿ, ರೆಕ್ಕೆಸಮೇತ ವೇಷ ಹೊಲಿದೆ. ಇವತ್ತು ಸಂಜೆ ಮನೆಮನೆಗೆ ಮಿಠಾಯಿ ಕೇಳಲು ಹೊರಟರೆ ಡುಲುತ್ ಊರ ತುಂಬ ಹಿಮ! ಮೇಲೊಂದು ದಪ್ಪ ಕೋಟು ಹಾಕದೆ ವಿಧಿಯಿರಲಿಲ್ಲ. ನನ್ನ ಮೂರು ವಾರ ಅದರೊಳಗೆ ಮುದ್ದೆಯಾಯಿತು.

ಪಕ್ಕದ ಮನೆಯ ಲುಂಡೀನ್ ಅಜ್ಜಿ ಬಾಗಿಲು ತೆರೆದು, "ಏನು ವೇಷ ಪುಟ್ಟಿ ಇದು?" ಎಂದರು.

"ಕೋಟು," ಎಂದು ಬ್ರಿಟಾ ಗೊಳೋ ಎಂದು ಅತ್ತಳು.

ರೇಗಿಹೋಗಿ ಮನೆಗೆ ಎಳೆತಂದೆ. ನೀನು ಹೋದಮೇಲೆ ಮುಟ್ಟದಿದ್ದ ನಿನ್ನ ಪೆಟ್ಟಿಗೆ ತೆರೆದೆ. ನನ್ನ ಆರನೇ ವರ್ಷದ ಹ್ಯಾಲೋವೀನ್‌ಗೆ ನೀನು ಹೊಲಿದಿದ್ದ ಕುಂಬಳಕಾಯಿ ವೇಷ ಅದರಲ್ಲೇ ಇತ್ತು. ಗೋಣಿಚೀಲದಷ್ಟು ದೊಗಳೆ. ಅವತ್ತು ತೊಟ್ಟು ನೋಡಿದವಳೇ, "ಬೇರೆ ಅಮ್ಮಂದಿರಿಗೆಲ್ಲ ಹೊಲಿಯೋಕೆ ಬರುತ್ತೆ, ನಿಂಗೊಬ್ಬಳಿಗೇ ಬರಲ್ಲ!" ಎಂದು ಎಸೆದಿದ್ದೆ. ನೀನು ಅದನ್ನೆತ್ತಿ ಮಡಚಿಟ್ಟಿದ್ದೆ.

ಅದನ್ನೇ ಬ್ರಿಟಾಳ ಕೋಟಿನ ಮೇಲೆ ಏರಿಸಿದೆ. ತೋಳು, ಕತ್ತು, ಗುಂಡಿ, ಎಲ್ಲವೂ ಹೇಳಿ ಮಾಡಿಸಿದಂತೆ ಕೂತವು.

ಕೋಟಿನ ಮೇಲಿಂದ ಅಳತೆ ತಗೊಂಡಿದ್ದೆ ಅಂತ ಅವತ್ತೇ ಬಾಯಿಬಿಟ್ಟು ಹೇಳೋಕೆ ನಿನಗೇನು ಧಾಡಿಯಾಗಿತ್ತಮ್ಮ?