ಕೆಸರಿಗೆ ಕಾಲಂ ಇಲ್ಲ

ಪ್ರಶ್ನಾವಳಿಯ ಮೊದಲ ಕರಡನ್ನು ಬರೆದವರಿಗೆ,

ಮೊದಲು ಸಂಗತಿಗಳು.

೧. ಇಂದು ೨೧೮೭ನೇ ಇಸವಿಯ ಫೆಬ್ರುವರಿ ೩೦. ತಿಂಗಳುಗಳನ್ನು ನಾವು ಸರಿಸಮ ಮಾಡಿಕೊಂಡಿರುವುದರಿಂದ, ನಿಮ್ಮಲ್ಲಿ ಇಲ್ಲದ ಈ ದಿನ ನಮ್ಮಲ್ಲಿದೆ.

೨. ನನ್ನ ಹೆಸರು ಮಹಾರುದ್ರ ಕುಸುಗಲ್ಲ. ವಯಸ್ಸು ಐವತ್ತೆರಡು. ಮಾಪನ ಇಂಜಿನಿಯರ್. ಎರಿಗುಂದಿ ಎಂಬ ತೊಂಬತ್ತು ಮನೆಗಳ ಊರಿನಲ್ಲಿ ಹನ್ನೊಂದು ವರ್ಷಗಳಿಂದ ಒಬ್ಬನೇ ವಾಸವಾಗಿದ್ದೇನೆ.

೩. ನಮ್ಮಲ್ಲಿ ಪ್ರತಿಯೊಬ್ಬರ ಮಣಿಕಟ್ಟಿನಲ್ಲೂ ನಂಟುಪಟ್ಟಿ ಇರುತ್ತದೆ. ಅದು ಎರಡು ಅಂಕಿ ತೋರಿಸುತ್ತದೆ. ಒಂದು ಜನನಂಟು, ಇನ್ನೊಂದು ನೆಲನಂಟು.

೪. ಎರಿಗುಂದಿಯ ಸರಾಸರಿ ನೆಲನಂಟು ಮೂರು ವರ್ಷಗಳಿಂದ ನಲವತ್ತರ ಮಿತಿಗಿಂತ ಕೆಳಗಿದೆ.

೫. ಆದ್ದರಿಂದ ಊರಿನ ಕೆರೆಗೆ ಬೇಲಿ ಹಾಕಿ ಅದನ್ನು ಮೌನವಲಯ ಮಾಡಬೇಕೆಂದು ಮಾಪನ ಮಂಡಳಿ ಪ್ರಸ್ತಾಪಿಸಿದೆ. ಒಮ್ಮೆಗೆ ಒಬ್ಬರು, ಇಪ್ಪತ್ತು ನಿಮಿಷ, ಮಾತಿಲ್ಲದೆ.

೬. ಪಟ್ಟಿಗಳು ಸರಿಯಾಗಿ ಅಳೆಯುತ್ತಿವೆ ಎಂಬ ಪ್ರಮಾಣಪತ್ರಕ್ಕೆ ಇಂದು ಸಂಜೆ ಐದರೊಳಗೆ ನಾನು ಸಹಿ ಹಾಕಿದರೆ ಬೇಲಿ ಬರುತ್ತದೆ. ಹಾಕದಿದ್ದರೆ ಪ್ರಸ್ತಾಪ ಒಂದು ವರ್ಷ ಬಿದ್ದುಹೋಗುತ್ತದೆ. ನನ್ನ ಪರವಾನಗಿಯೂ ಹೋಗುತ್ತದೆ.

ನನ್ನ ಕೆಲವು ಪದಗಳು ನಿಮಗೆ ಒರಟಾಗಿ ಕೇಳಿಸಬಹುದು, ಕ್ಷಮಿಸಿ. ಅವು ಕಚೇರಿಯಲ್ಲಿ ಹುಟ್ಟಿದ ಪದಗಳು. ಯಾರೂ ಅವುಗಳಲ್ಲಿ ಜಗಳವಾಡುವುದಿಲ್ಲ, ಮಕ್ಕಳನ್ನು ಕರೆಯುವುದೂ ಇಲ್ಲ.

ನಂಟುಪಟ್ಟಿಯ ಮೂಲ ನಿಮ್ಮ ಕಾಲದ ಒಂದು ಪ್ರಶ್ನಾವಳಿ. ಅದರ ಎರಡು ಹಾಳೆಗಳು ನಮ್ಮ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿವೆ. ಬರೆದವರ ಹೆಸರಿದ್ದ ಮೂಲೆ ಹರಿದುಹೋಗಿದೆ. ಮೊದಲ ಹಾಳೆಯಲ್ಲಿ 'ನನ್ನವರೆನ್ನುವ ಜನ ನನಗಿದ್ದಾರೆ' ಎಂಬ ವಾಕ್ಯವಿದೆ. ಎರಡನೆಯದರಲ್ಲಿ 'ನಾನು ಪ್ರಕೃತಿಯ ಭಾಗವೆಂದು ನನಗೆ ಅನ್ನಿಸುತ್ತದೆ' ಎಂದಿದೆ. ಎರಡು ಹಾಳೆಗಳಿದ್ದದ್ದು ಬಹುಶಃ ನಿಮ್ಮ ಮುದ್ರಕರ ಅನುಕೂಲಕ್ಕಾಗಿ. ನಮ್ಮ ಹಿರಿಯರು ಅದನ್ನು ಮನುಷ್ಯ ಸ್ವಭಾವವೆಂದು ತಿಳಿದರು. ಅವುಗಳಿಂದ ಎರಡು ಸಂವೇದಕಗಳು ಬಂದವು. ಸೂರಿನ ಕೆಳಗೆ ಮುಖಾಮುಖಿ ಕುಳಿತು, ಸರದಿಯಂತೆ ಮಾತನಾಡಿದರೆ ಜನನಂಟು ಏರುತ್ತದೆ. ಹಸಿರಿನ ಎದುರು ಒಬ್ಬರೇ, ಕೈಯಾಡಿಸದೆ, ದನಿಯೆತ್ತದೆ ಉಸಿರಾಡಿದರೆ ನೆಲನಂಟು ಏರುತ್ತದೆ. ಈ ಎರಡನೆಯ ನಿಯಮದ ಈಗಿನ ಆವೃತ್ತಿಯನ್ನು ಬರೆದವನು ನಾನು. ಅದು ಕರಾರುವಾಕ್ಕಾಗಿದೆ ಎಂದು ನನಗೆ ಪ್ರಶಸ್ತಿಯನ್ನೂ ಕೊಟ್ಟರು.

ಎರಿಗುಂದಿಯಲ್ಲಿ ಕಳೆಸರದಿ ಎಂಬ ಪದ್ಧತಿಯಿದೆ. ಪ್ರತಿ ಗುರುವಾರ ಬೆಳಿಗ್ಗೆ ಮನೆಗೊಬ್ಬರಂತೆ ಕೆರೆಗಿಳಿದು, ಮೊಣಕಾಲುದ್ದದ ನೀರಿನಲ್ಲಿ ಸಾಲಾಗಿ ನಿಂತು, ನೀರಿನ ಮೇಲೆ ಹಬ್ಬಿದ ಅಂತರಗಂಗೆಯನ್ನು ಕಿತ್ತು ಕೈಯಿಂದ ಕೈಗೆ ದಾಟಿಸಿ ದಂಡೆಗೆ ಹಾಕುತ್ತಾರೆ. ಕಳೆದ ವಾರ ಪಕ್ಕದಲ್ಲಿ ನಿಂತವರ ಪಕ್ಕ ಈ ವಾರ ನಿಲ್ಲುವಂತಿಲ್ಲ. ನನ್ನ ಮನೆಯ ಸರದಿಗೆ ನಾನು ಹನ್ನೊಂದು ವರ್ಷ ಒಂದು ಯಂತ್ರಗೈಯನ್ನು ಕಳುಹಿಸಿದೆ. ಅದು ಮೂವರ ಕೆಲಸ ಮಾಡಬಲ್ಲದು. ಊರಿಗೆ ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದೆ. ಅವರು ಅದನ್ನು ದಂಡೆಯಲ್ಲಿ ನಿಲ್ಲಿಸಿ, ಬುತ್ತಿಗಂಟುಗಳನ್ನು ಅದಕ್ಕೆ ನೇತುಹಾಕುತ್ತಿದ್ದರೆಂದು ಮೂರು ವಾರಗಳ ಹಿಂದಷ್ಟೇ ತಿಳಿಯಿತು.

ಅಂದು ಪಟ್ಟಿಯ ದೋಷ ಪರೀಕ್ಷೆಗೆಂದು ನಾನೇ ನೀರಿಗಿಳಿದೆ. ಎಡಕ್ಕೆ ಅರವತ್ತೆಂಟರ ಗೌರವ್ವ, ಬಲಕ್ಕೆ ದೋಣಿ ರಿಪೇರಿಯ ಇಮಾಮಸಾಬ.

"ಯಾಕ್ರಿ ಸಾಹೇಬ್ರ, ಯಂತ್ರ ರಜಾ ಹಾಕೇತೇನು?" ಎಂದರು ಗೌರವ್ವ.

"ಹನ್ನೊಂದು ವರ್ಷ ಗಂಟು ಹೊತ್ತೈತಿ, ಪಾಪ. ರಟ್ಟಿ ನೋವಾಗಿರಬೇಕು ಬಿಡಬೇ," ಎಂದ ಇಮಾಮಸಾಬ.

"ಇವರ ರಟ್ಟಿ ಹೊಸಾದೈತಿ. ಒಂದು ತಾಸು ನೋಡೂಣು."

ಅರ್ಧ ತಾಸಾಗಿರಬಹುದು. ಸಾಲಿನ ತುದಿಯಿಂದ ಒಂದು ಮಾತು ಬಾಯಿಂದ ಬಾಯಿಗೆ ಬಂತು: "ಗೂಡೈತಿ, ಬಿಡ್ರಿ." ಎಲೆಗಳ ಮೇಲೆ ನಡೆಯುವ ಉದ್ದ ಬೆರಳಿನ ಹಕ್ಕಿಯೊಂದು ಅಂತರಗಂಗೆಯ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ತೊಂಬತ್ತು ಜನರ ಸಾಲು ಮಾತು ನಿಲ್ಲಿಸದೆ, ಆ ಗೂಡಿನ ಸುತ್ತ ಬಿಲ್ಲಿನಂತೆ ಬಾಗಿತು. ನಾನೊಬ್ಬನೇ ನೇರವಾಗಿ ನಿಂತಿದ್ದೆ. ಗೌರವ್ವ ನನ್ನ ಅಂಗಿಯ ತೋಳು ಹಿಡಿದು ಎಳೆದರು. "ಮಾರುದ್ರಪ್ಪ, ಈ ಕಡಿ ಬಾ. ಅದಕ್ಕೂ ಒಂದು ಮನಿ ಬ್ಯಾಡೇನು?" ಎಂದರು. ಆ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ದಂಡೆಗೆ ಬಂದು ಪಟ್ಟಿ ನೋಡಿದೆ. ಜನನಂಟು ಸೊನ್ನೆ: ಸೂರಿರಲಿಲ್ಲ, ಮುಖಗಳು ನೀರಿನ ಕಡೆಗಿದ್ದವು, ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು. ನೆಲನಂಟು ಸೊನ್ನೆ: ದನಿಯಿತ್ತು, ಕೈಗಳು ಆಡುತ್ತಿದ್ದವು. ಹಿಂದಿನ ಸಂಜೆ ಕಿಟಕಿಯ ಬಳಿ ಒಂದು ಕುಂಡದ ಗಿಡದೆದುರು ಸುಮ್ಮನೆ ಕುಳಿತಿದ್ದಾಗ ಅದೇ ಪಟ್ಟಿ ನನಗೆ ಅರವತ್ತೊಂದು ಕೊಟ್ಟಿತ್ತು. ಆ ಗಿಡದ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಮಂಡಳಿಗೆ ಮೂರು ಸಲ ದೋಷವರದಿ ಕೊಟ್ಟೆ. ಮೊದಲನೆಯದು ನಮೂನೆ ಸರಿಯಿಲ್ಲವೆಂದು ಹಿಂದಿರುಗಿತು. ಎರಡನೆಯದಕ್ಕೆ, ದೋಷ ಪಟ್ಟಿಯಲ್ಲಿಲ್ಲ, ಬಳಕೆದಾರರ ನಡವಳಿಕೆಯಲ್ಲಿದೆ ಎಂಬ ಉತ್ತರ ಬಂತು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ನಿರ್ದೇಶಕಿಯವರ ಮುಂದೆ ನಿಂತೆ. ಅವರು ಕೆಟ್ಟವರಲ್ಲ. ಪೂರ್ತಿ ಓದಿದರು, ಕನ್ನಡಕ ತೆಗೆದರು. "ಕುಸುಗಲ್ಲರೇ, ನೀವು ಹೇಳೋದು ನಿಜಾನೇ ಇರಬಹುದು. ಆದರೆ ಈ ಕೆಸರನ್ನ ಯಾವ ಕಾಲಂನಲ್ಲಿ ತುಂಬಲಿ ಹೇಳಿ?" ಎಂದರು. ಆ ಎರಡು ಕಾಲಂಗಳ ನಡುವಿನ ಗೆರೆಯನ್ನು ದಪ್ಪ ಮಾಡಿದವನೇ ನಾನು.

ನನ್ನ ಅಸಹನೆಯನ್ನು ಇಲ್ಲಿ ಮುಚ್ಚಿಡಲಾರೆ. ಬೇಲಿ ಬಂದರೆ ಎರಿಗುಂದಿಯ ಅಂಕಿ ಖಂಡಿತ ಏರುತ್ತದೆ. ಜನ ಒಬ್ಬೊಬ್ಬರಾಗಿ ಬಂದು, ಇಪ್ಪತ್ತು ನಿಮಿಷ ನೀರು ನೋಡಿ, ಮನೆಗೆ ಹೋಗುತ್ತಾರೆ. ಕಳೆ ಕೀಳುವವರಿರುವುದಿಲ್ಲ. ಎರಡು ಮಳೆಗಾಲದೊಳಗೆ ಅಂತರಗಂಗೆ ನೀರನ್ನು ಮುಚ್ಚುತ್ತದೆ. ಅದೂ ಹಸಿರೇ ಆದ್ದರಿಂದ ಪಟ್ಟಿ ಆಗಲೂ ಒಳ್ಳೆಯ ಅಂಕವನ್ನೇ ಕೊಡುತ್ತದೆ. ಗೂಡಿದೆಯೆಂದು ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಇದೆಲ್ಲವನ್ನೂ ನಾನು ಲೆಕ್ಕಹಾಕಿ, ನಕ್ಷೆ ಬರೆದು ತೋರಿಸಿದ್ದೇನೆ. ನಕ್ಷೆ ಅಚ್ಚುಕಟ್ಟಾಗಿದೆ ಎಂದರು.

ಕಳೆದ ಗುರುವಾರ ಈ ವರದಿಗಳಿಗಾಗಿ ಕಚೇರಿಯಲ್ಲೇ ಉಳಿದೆ. ಸಂಜೆ ಇಮಾಮಸಾಬ ನನ್ನ ಮನೆ ಬಾಗಿಲಿಗೆ ಬಂದ. "ಎಲ್ಲಿ ಹೋಗಿದ್ರಿ? ನಿಮ್ಮ ಜಾಗಾ ಹಂಗ ಬಿಟ್ಟಿದ್ವಿ. ಆ ಕಡಿಯಿಂದ ಈ ಕಡಿಗೆ ಕಳಿ ಒಗದು ಒಗದು ಗೌರವ್ವನ ನಡಾ ಹೋತು," ಎಂದು ಬೈದು ಹೋದ. ಅದನ್ನು ಅಳೆಯುವ ಉಪಕರಣ ನನ್ನ ಬಳಿಯಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಆ ಪ್ರಶ್ನಾವಳಿ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ಎರಡೂ ವಾಕ್ಯಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ. ಕೆಳಗೆ ಇನ್ನೊಂದು ಪ್ರಶ್ನೆ ಸೇರಿಸಿ: 'ಕೆರೆಗೆ ಯಾರ ಜೊತೆ ಹೋಗಿದ್ದಿರಿ, ಅಲ್ಲಿ ಏನು ಮಾಡಿದಿರಿ?' ಈ ಪತ್ರ ನಿಮಗೆ ತಲುಪುವುದಿಲ್ಲವೆಂಬುದು ನನಗೆ ಗೊತ್ತು. ಆದರೂ ತಪ್ಪು ಎಲ್ಲಿ ಶುರುವಾಯಿತೋ ಅಲ್ಲಿಗೇ ವರದಿ ಕಳುಹಿಸಬೇಕೆಂಬುದು ನಾನು ಕಲಿತ ಕ್ರಮ.

ಈಗ ನಾಲ್ಕು ಗಂಟೆ ನಲವತ್ತು ನಿಮಿಷ. ಪ್ರಮಾಣಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ. ಯಂತ್ರಗೈ ದಂಡೆಯಲ್ಲೇ ಇರಲಿ, ಬುತ್ತಿಗಂಟುಗಳಿಗೆ ಬೇಕು. ಗುರುವಾರದ ಸರದಿಗೆ ನಾನೇ ಹೋಗುತ್ತೇನೆ.

ಮಹಾರುದ್ರ ಕುಸುಗಲ್ಲ
ಎರಿಗುಂದಿ